ಹಬ್ಬ ಮುಗಿದ ಮೇಲೆ ಉಳಿದ ಪಟಾಕಿಯನ್ನು ಏನು ಮಾಡಬೇಕು?

ಬಲಿಪಾಡ್ಯಮಿ ಕಳೆದ ಮರುದಿನ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದು ರಟ್ಟಿನ ಪೆಟ್ಟಿಗೆ ಉಳಿದಿರುತ್ತದೆ. ಅರ್ಧ ಪೊಟ್ಟಣ ಸುರುಸುರುಬತ್ತಿ, ಮಳೆಗೆ ತೇವ ಹಿಡಿದ ಎರಡು ಹೂಕುಂಡ, ಮಕ್ಕಳು ಹೆದರಿ ಮುಟ್ಟದೆ ಬಿಟ್ಟ ಆಟಂ ಬಾಂಬ್‌, ಬತ್ತಿ ಕಿತ್ತುಹೋದ ಭೂಚಕ್ರ. ಅಂಗಳದಲ್ಲಿ ಹಚ್ಚಿಯೂ ಸಿಡಿಯದೆ ಠುಸ್‌ ಆದವು ಬೇರೆ. ಪೆಟ್ಟಿಗೆ ಅಟ್ಟಕ್ಕೆ ಹೋಗುತ್ತದೆ. ಠುಸ್‌ ಆದವನ್ನು ಕೆಂಪು ಕಾಗದದ ಚೂರುಗಳ ಜೊತೆ ಗುಡಿಸಿ ಬೀದಿ ಮೂಲೆಗೆ ತಳ್ಳುತ್ತೇವೆ. ಅಟ್ಟಕ್ಕೆ ಹೋದದ್ದು ನಮ್ಮ ಮನೆಗೆ ಅಪಾಯ. ಬೀದಿ ಮೂಲೆಗೆ ಹೋದದ್ದು ಬೆಳಿಗ್ಗೆ ಆರಕ್ಕೆ ಪೊರಕೆ ಹಿಡಿದು ಬರುವ ಪೌರಕಾರ್ಮಿಕರಿಗೆ, ರಟ್ಟು–ಬಾಟಲಿ ಆಯುವವರಿಗೆ, ಆ ರಾಶಿಯಲ್ಲಿ ಕೈಯಾಡಿಸುವ ಮಕ್ಕಳಿಗೆ ಅಪಾಯ. ಈ ಎರಡನೆಯದೇ ನನ್ನನ್ನು ಹೆಚ್ಚು ಕಾಡುವುದು.

ನಾವು ಚಿಕ್ಕವರಿದ್ದಾಗ ಹಬ್ಬದ ಮರುದಿನದ ಮುಖ್ಯ ಕೆಲಸವೇ ಠುಸ್‌ ಪಟಾಕಿ ಆರಿಸುವುದು. ಬತ್ತಿ ಸುಟ್ಟು ಹೊಟ್ಟೆ ಹಾಗೇ ಉಳಿದವನ್ನು ಬೀದಿಯ ಉದ್ದಕ್ಕೂ ಹುಡುಕಿ, ಕಾಗದ ಬಿಚ್ಚಿ, ಬೂದುಬಣ್ಣದ ಮದ್ದನ್ನು ಹಳೆಯ ನೋಟ್‌ಬುಕ್ಕಿನ ಹಾಳೆಗೆ ಸುರಿದು ಗುಡ್ಡೆ ಮಾಡುತ್ತಿದ್ದೆವು. ಹಾಳೆಯ ಅಂಚಿಗೆ ಕಡ್ಡಿ ಗೀರುವುದು, ಓಡುವುದು. ಒಂದು ವರ್ಷ ನನ್ನ ಚಿಕ್ಕಪ್ಪನ ಮಗನಿಗೆ ಓಡುವಷ್ಟು ಹೊತ್ತೇ ಸಿಗಲಿಲ್ಲ. ಸದ್ದೂ ಆಗಲಿಲ್ಲ. ‘ಭಗ್‌’ ಎಂದು ಒಂದು ಬಿಳಿ ಬೆಳಕು, ಅಷ್ಟೇ. ಹುಬ್ಬು, ರೆಪ್ಪೆಗೂದಲು, ಬಲಗೈಯ ಮೇಲಿನ ಚರ್ಮ ಹೋಯಿತು. ಕಣ್ಣು ಉಳಿಯಿತು. ಚಿಕ್ಕಮ್ಮ ಅವನ ಕೈಗೆ ಇಂಕು ಸುರಿದದ್ದು, ಆಸ್ಪತ್ರೆಯಲ್ಲಿ ಆ ಇಂಕನ್ನು ತೊಳೆಯುವಾಗ ಅವನು ಕಿರುಚಿದ್ದು ಇವತ್ತಿಗೂ ಕಿವಿಯಲ್ಲಿದೆ. ಹಿಂದಿನ ರಾತ್ರಿ ಯಾರಾದರೂ ಆ ಪಟಾಕಿಯ ಮೇಲೆ ಒಂದು ತಂಬಿಗೆ ನೀರು ಸುರಿದಿದ್ದರೆ ಸಾಕಿತ್ತು.

ನೀರೇ ಯಾಕೆ?

ಇದೊಂದನ್ನು ಅರ್ಥ ಮಾಡಿಕೊಂಡರೆ ಮುಂದಿನ ಎಲ್ಲ ಹಂತಗಳೂ ತಾವಾಗಿ ಅರ್ಥವಾಗುತ್ತವೆ. ಕರಿಮದ್ದಿನಲ್ಲಿ ಇರುವುದು ಮೂರು ಪದಾರ್ಥ: ಪೆಟ್ಲುಪ್ಪು, ಇದ್ದಿಲು, ಗಂಧಕ. ಹಳೆಯ ಲೆಕ್ಕದಲ್ಲಿ ನೂರಕ್ಕೆ 75, 15, 10 ಪಾಲು. ಸದ್ದಿನ ಪಟಾಕಿಗಳಿಗೆ ಇದರ ಜೊತೆ ಅಥವಾ ಇದ್ದಿಲಿನ ಬದಲು ಅಲ್ಯೂಮಿನಿಯಂ ಪುಡಿ ಬೀಳುತ್ತದೆ. ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪೇ ಹೊತ್ತುಕೊಂಡಿರುತ್ತದೆ. ಆದ್ದರಿಂದ ಗಾಳಿ ಆಡದಂತೆ ಡಬ್ಬಿಯಲ್ಲಿ ಮುಚ್ಚಿಟ್ಟರೂ, ಮಣ್ಣಲ್ಲಿ ಹೂತರೂ ಮದ್ದು ಮದ್ದೇ. ಅದರ ಬಲ ಕಳೆಯುವುದು ನೀರು. ಪೆಟ್ಲುಪ್ಪು ಅಡುಗೆ ಉಪ್ಪಿನಂತೆ ನೀರಿನಲ್ಲಿ ಕರಗುತ್ತದೆ. ಗಂಧಕ, ಇದ್ದಿಲು ಕರಗುವುದಿಲ್ಲ. ಸಾಕಷ್ಟು ಹೊತ್ತು ನೆನೆದರೆ ಉಪ್ಪು ಕರಗಿ ಹೊರಬಂದು ಮೂರೂ ಬೇರೆಬೇರೆಯಾಗುತ್ತವೆ.

ಇದರಿಂದಲೇ ಇನ್ನೆರಡು ಮಾತು ಹೊರಡುತ್ತವೆ. ಒಂದು, ಮೇಲೆ ನೀರು ಚಿಮುಕಿಸಿದರೆ ಪಟಾಕಿ ಸತ್ತಂತಲ್ಲ. ಸುತ್ತು ಕಾಗದ ದಾಟಿ ನೀರು ಒಳಗಿನ ಮದ್ದಿಗೆ ತಲುಪಬೇಕು. ಎರಡು, ಅರೆಬರೆ ನೆನೆಸಿ ಒಣಗಲು ಬಿಟ್ಟರೆ ಕರಗಿದ ಉಪ್ಪು ಅಲ್ಲೇ ಮತ್ತೆ ಹರಳುಗಟ್ಟುತ್ತದೆ, ಪಟಾಕಿಗೆ ಮತ್ತೆ ಜೀವ ಬರುತ್ತದೆ. ಒದ್ದೆಯಾದ ಪಟಾಕಿ ಒಣಗಿದಾಗ ಬತ್ತಿ ನಿಧಾನಕ್ಕೆ ಉರಿಯುತ್ತದೋ ಒಮ್ಮೆಲೇ ಒಳಗೆ ನುಗ್ಗುತ್ತದೋ ಹೇಳಲು ಬರುವುದಿಲ್ಲ. ತಾರಸಿಯ ಮೇಲೆ ಮೊರದಲ್ಲಿ ಪಟಾಕಿ ಒಣಗಿಸುವುದು, ಹಂಡೆ ಒಲೆಯ ಪಕ್ಕ ಬೆಚ್ಚಗೆ ಇಡುವುದು, ಇಸ್ತ್ರಿ ಪೆಟ್ಟಿಗೆಯಿಂದ ಬೆಚ್ಚಗೆ ಮಾಡುವುದು, ಇವೆಲ್ಲ ನಮ್ಮ ಮನೆಗಳಲ್ಲಿ ನಡೆಯುತ್ತವೆ. ದಯವಿಟ್ಟು ಬಿಡಿ.

ಮೊದಲು ಎರಡು ಗುಂಪು ಮಾಡಿ

ಪೆಟ್ಟಿಗೆಯನ್ನು ಹಗಲು ಬೆಳಕಿನಲ್ಲಿ, ಅಂಗಳಕ್ಕೋ ತಾರಸಿಗೋ ತಂದು ತೆರೆಯಿರಿ. ದೇವರ ದೀಪ, ಊದುಬತ್ತಿ, ಒಲೆ ಹತ್ತಿರ ಇರಬಾರದು. ಬೀಡಿ ಸಿಗರೇಟು ಸೇದುವವರು ಇದ್ದರೆ ಅತ್ತ ಕಳಿಸಿ. ರೇಷ್ಮೆ, ನೈಲಾನ್‌ ಬಟ್ಟೆ ಬೇಡ. ಹತ್ತಿ ಬಟ್ಟೆ, ಕಾಲಿಗೆ ಚಪ್ಪಲಿ, ಕನ್ನಡಕವಿದ್ದರೆ ಕನ್ನಡಕ. ಮಕ್ಕಳು ನೋಡಲಿ, ಆದರೆ ದೂರದಿಂದ.

ಮೊದಲ ಗುಂಪಿಗೆ ಹಾಳಾಗದವು. ಪೊಟ್ಟಣ ಒಣಗಿದೆ, ಬತ್ತಿ ಗಟ್ಟಿಯಾಗಿದೆ, ಮದ್ದು ಉದುರಿಲ್ಲ, ಈ ವರ್ಷದ್ದೇ. ಇವನ್ನು ತುಳಸಿ ಹಬ್ಬಕ್ಕೆ ಇಟ್ಟುಕೊಳ್ಳಬಹುದು. ಪಾಡ್ಯದಿಂದ ಉತ್ಥಾನ ದ್ವಾದಶಿಗೆ ಹನ್ನೊಂದೇ ದಿನ. ತುಳಸಿಕಟ್ಟೆಯ ಮುಂದೆ ನೆಲ್ಲಿ ಕೊಂಬೆ ನೆಟ್ಟು ದೀಪ ಹಚ್ಚುವ ಸಂಜೆ ಉಳಿದ ಸುರುಸುರುಬತ್ತಿ, ಹೂಕುಂಡ ಮುಗಿಸುವುದು ನಮ್ಮಲ್ಲಿ ಮೊದಲಿಂದ ಬಂದ ರೂಢಿ, ಒಳ್ಳೆಯ ರೂಢಿ. ರಾತ್ರಿ 8ರಿಂದ 10ರ ನಡುವೆ ಮಾತ್ರ ಹಚ್ಚಿ. 2018ರ ಅಕ್ಟೋಬರ್‌ 23ರಂದು ಸುಪ್ರೀಂ ಕೋರ್ಟ್‌ ಹೇಳಿದ ಆ ಎರಡು ಗಂಟೆಯ ಮಿತಿ ದೀಪಾವಳಿಗೆ ಮಾತ್ರವಲ್ಲ, ಪಟಾಕಿ ಹಚ್ಚುವ ಇತರ ಹಬ್ಬಗಳಿಗೂ ಅನ್ವಯ.

ಆ ಹನ್ನೊಂದು ದಿನ ಪಟಾಕಿ ಎಲ್ಲಿರಬೇಕು ಎನ್ನುವುದೂ ಮುಖ್ಯ. ಅದು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಇರಲಿ, ಕಬ್ಬಿಣದ ಟ್ರಂಕು ಬೇಡ. ನೆಲದಿಂದ ಮೇಲೆ, ತಣ್ಣಗಿರುವ, ತೇವವಿಲ್ಲದ, ಬೀಗ ಹಾಕಬಹುದಾದ ಕಪಾಟು ಸರಿ. ಗ್ಯಾಸ್‌ ಸಿಲಿಂಡರ್‌ ಇರುವ ಅಡುಗೆಮನೆ, ಗೀಸರ್‌ ಮೇಲಿನ ಲಾಫ್ಟ್‌, ದೇವರಕೋಣೆ, ಸ್ಕೂಟರಿನ ಡಿಕ್ಕಿ, ಯಾವುದೂ ಬೇಡ. ಇನ್‌ವರ್ಟರ್‌ ಪಕ್ಕ ಇಡುವವರನ್ನು ನಾನು ಬಹಳ ನೋಡಿದ್ದೇನೆ. ಚಾರ್ಜ್‌ ಆಗುವಾಗ ಅದರ ಬ್ಯಾಟರಿ ಜಲಜನಕ ಬಿಡುತ್ತದೆ, ವೈರಿನ ತುದಿಯಲ್ಲಿ ಕಿಡಿ ಹಾರುವುದೂ ಉಂಟು. ಮೆಟ್ಟಿಲ ಕೆಳಗಿನ ಗೂಡೂ ಬೇಡ. ಅಲ್ಲಿ ಹೊತ್ತಿಕೊಂಡರೆ ಮೇಲಿದ್ದವರಿಗೆ ಇಳಿಯುವ ದಾರಿಯೇ ಇರುವುದಿಲ್ಲ.

ಎರಡನೆಯ ಗುಂಪು ನೆನೆಸಬೇಕಾದವು. ತೇವ ಹಿಡಿದವು, ಬತ್ತಿ ಇಲ್ಲದವು, ಹೊಟ್ಟೆ ಬಿರಿದು ಮದ್ದು ಉದುರುತ್ತಿರುವವು, ಹಚ್ಚಿಯೂ ಸಿಡಿಯದವು, ಹಿಂದಿನ ವರ್ಷದವು. ಹಳೆಯ ಪಟಾಕಿಯ ಮೇಲೆ ಬೂಷ್ಟಿನಂತೆ ಬಿಳಿ ಪುಡಿ ಕಂಡರೆ ಅದು ತೇವಕ್ಕೆ ಕರಗಿ ಹೊರಬಂದು ಗಟ್ಟಿಯಾದ ಉಪ್ಪಿರಬಹುದು. ಪೊಟ್ಟಣ ತೆರೆದಾಗ ಮೂಗಿಗೆ ಅಮೋನಿಯಾದ ಘಾಟು ಬಡಿದರೆ ಒಳಗೆ ಅಲ್ಯೂಮಿನಿಯಂ ಪುಡಿ ತೇವದ ಜೊತೆ ಸೇರಿ ಆಗಲೇ ಕೆಡತೊಡಗಿದೆ ಎಂದು ತಿಳಿಯಿರಿ. ರಟ್ಟಿನ ಕೊಳವೆ ತೇವಕ್ಕೆ ಮೆತ್ತಗಾದ ಹೂಕುಂಡ ಹೂ ಸುರಿಸುವ ಬದಲು ಬಾಂಬಿನಂತೆ ಒಡೆಯಬಹುದು. ಇಂಥದ್ದನ್ನು ‘ದುಡ್ಡು ಕೊಟ್ಟಿದ್ದೀವಲ್ಲ’ ಎಂದು ಹಚ್ಚಲು ಹೋಗಬೇಡಿ. ಮುಂದಿನ ವರ್ಷಕ್ಕೆ ಎತ್ತಿಡುವುದೂ ಬೇಡ. ನಡುವೆ ಒಂದು ಬೇಸಿಗೆ, ಒಂದು ಪೂರ್ತಿ ಮಳೆಗಾಲ ಇದೆ.

ಮೂರನೆಯ ಗುಂಪೂ ಒಂದು ಇರಬಹುದು, ಅದನ್ನು ಮುಟ್ಟಲೇಬೇಡಿ. ನೆಲಕ್ಕೆ ಎಸೆದರೆ ಸಿಡಿಯುವ ಈರುಳ್ಳಿ ಬಾಂಬ್‌, ಹೆಸರು–ಲೇಬಲ್‌ ಇಲ್ಲದ ನಾಟಿ ಬಾಂಬ್‌, ಜಾತ್ರೆ–ನೇಮದ ಬಳಿಕ ಗದ್ದೆಯಲ್ಲಿ ಸಿಕ್ಕ ದೊಡ್ಡ ಗರ್ನಾಲು, ಮಲೆನಾಡಿನ ತೋಟದ ಅಂಚಿನಲ್ಲಿ ಕಾಡುಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆ. ಇವುಗಳಲ್ಲಿ ಕೆಲವು ಬೆಂಕಿಯನ್ನು ಕಾಯುವುದಿಲ್ಲ, ಒತ್ತಿದರೆ ಅಥವಾ ಉಜ್ಜಿದರೆ ಸಾಕು. ಹಸು ಬಾಯಿ ಹಾಕಿ ದವಡೆ ಕಳೆದುಕೊಳ್ಳುವುದು ಇಂಥ ಉಂಡೆಯಿಂದಲೇ. ನೆನೆಸುವ ಪ್ರಯತ್ನವೂ ಬೇಡ. ಅದರ ಸುತ್ತ ಯಾರೂ ಹೋಗದಂತೆ ನೋಡಿಕೊಂಡು 112ಕ್ಕೆ ಫೋನ್‌ ಮಾಡಿ. ಉಳಿದದ್ದು ಒಂದು ಬಕೆಟ್ಟಿಗೆ ಹಿಡಿಯದಷ್ಟು ಇದ್ದರೂ, ಅಂಗಡಿ ಇಟ್ಟಿದ್ದವರ ಪೆಟ್ಟಿಗೆಗಳು ಉಳಿದಿದ್ದರೂ ಮನೆಯಲ್ಲಿ ಕೈ ಹಾಕುವ ಕೆಲಸವಲ್ಲ ಅದು. ಹತ್ತಿರದ ಅಗ್ನಿಶಾಮಕ ಠಾಣೆಗೆ ಹೋಗಿ ಕೇಳಿ.

ಅಂಗಳದಲ್ಲಿ ಠುಸ್‌ ಆದದ್ದಕ್ಕೆ

ಇದು ಹಬ್ಬದ ರಾತ್ರಿಯೇ ಆಗಬೇಕಾದ ಕೆಲಸ. ಮರುದಿನಕ್ಕೆ ಬಿಟ್ಟರೆ ನಿಮಗಿಂತ ಮೊದಲು ಮಕ್ಕಳು ಎದ್ದಿರುತ್ತಾರೆ.

ಹಚ್ಚಿದ್ದು ಸಿಡಿಯಲಿಲ್ಲ ಎಂದರೆ ಹತ್ತಿರ ಹೋಗಿ ಬಗ್ಗಿ ನೋಡುವುದೇ ಕಣ್ಣು ಕಳೆಯುವ ದಾರಿ. ಬತ್ತಿಯ ಕೆಂಡ ಒಳಗೆ ಹೊಗೆಯಿಲ್ಲದೆ ಸರಿಯುತ್ತಲೇ ಇರಬಹುದು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಪ್ರತಿ ದೀಪಾವಳಿಯಲ್ಲಿ ಬರುವ ಗಾಯಾಳುಗಳಲ್ಲಿ ಮಕ್ಕಳು ಇರುತ್ತಾರೆ, ಪಟಾಕಿ ಹಚ್ಚದೆ ಪಕ್ಕದಲ್ಲಿ ನಿಂತು ನೋಡುತ್ತಿದ್ದವರೂ ಇರುತ್ತಾರೆ.

ಕನಿಷ್ಠ 20 ನಿಮಿಷ ಕಾಯಿರಿ. ರಾಕೆಟ್‌, ಶಾಟ್ಸ್‌ ಪೆಟ್ಟಿಗೆ ಆದರೆ ಅರ್ಧ ಗಂಟೆ. ಆಮೇಲೆ ಪಕ್ಕದಿಂದ, ಮುಖ ತಿರುಗಿಸಿಕೊಂಡು, ಒಂದು ಬಕೆಟ್‌ ನೀರನ್ನು ಅದರ ಮೇಲೆ ಸುರಿಯಿರಿ. ಪೈಪಿದ್ದರೆ ದೂರದಿಂದಲೇ ಹಾಯಿಸಿ. ಇನ್ನೂ ಹತ್ತು ನಿಮಿಷ ಬಿಟ್ಟು ಉದ್ದ ಹಿಡಿಯ ಸಲಿಕೆಯಿಂದ ಎತ್ತಿ ನೀರಿರುವ ಬಕೆಟ್ಟಿಗೆ ಹಾಕಿ. ಕೈಯಿಂದ ಎತ್ತಬೇಡಿ, ಕಾಲಿಂದ ಒದೆಯಬೇಡಿ, ಇನ್ನೊಮ್ಮೆ ಹಚ್ಚಲು ಹೋಗಬೇಡಿ. ಉರಿದು ಮುಗಿದ ಸುರುಸುರುಬತ್ತಿಯ ತಂತಿಯೂ ಇದೇ ಬಕೆಟ್ಟಿಗೆ. ಕಪ್ಪಾದ ಮೇಲೂ ಅದು ಬಹಳ ಹೊತ್ತು ಸುಡುತ್ತಿರುತ್ತದೆ. ಬರಿಗಾಲಲ್ಲಿ ಓಡುವ ಮಕ್ಕಳ ಅಂಗಾಲಿಗೆ ಅದರ ಗುರುತು ಬೀಳದ ಹಬ್ಬವೇ ಇಲ್ಲ.

ನೆನೆಸುವುದು ಹೀಗೆ

ಇಪ್ಪತ್ತು ಲೀಟರಿನ ಹಳೆಯ ಪೇಂಟ್‌ ಬಕೆಟ್‌ ಇದಕ್ಕೆ ಹೇಳಿ ಮಾಡಿಸಿದ್ದು. ಲೋಹದ ಬಕೆಟ್‌ ಬೇಡ, ಪ್ಲಾಸ್ಟಿಕ್ಕೇ ಇರಲಿ. ಅದನ್ನು ಮನೆಯಿಂದ ದೂರ, ಮೇಲೆ ಬಿಸಿಲು ಬೀಳದ, ಗಾಳಿಯಾಡುವ ಕಡೆ ಇಡಿ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ತಾರಸಿಯ ನೀರಿನ ಟ್ಯಾಂಕಿನ ನೆರಳು ಸರಿ, ಅಸೋಸಿಯೇಷನ್‌ಗೆ ತಿಳಿಸಿ ಇಡಿ. ಮುಚ್ಚಿದ ಬಾಲ್ಕನಿ, ಬಚ್ಚಲುಮನೆ ಬೇಡ.

ಮೊದಲು ನೀರು, ಆಮೇಲೆ ಪಟಾಕಿ. ಈ ಅನುಕ್ರಮ ತಪ್ಪಬಾರದು. ಒಣ ಪಟಾಕಿ ತುಂಬಿ ಮೇಲಿಂದ ನೀರು ಹೊಯ್ದರೆ ಅಡಿಯಲ್ಲಿ ಸಿಕ್ಕಿಕೊಂಡದ್ದು ಒಣಗಿಯೇ ಉಳಿಯುತ್ತದೆ. ಬಕೆಟ್ಟಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ನೀರು ತುಂಬಿ, ಒಂದೊಂದಾಗಿ ಇಳಿಸಿ. ಬರೀ ನೀರು ಸಾಕು. ಬ್ಲೀಚಿಂಗ್‌ ಪೌಡರ್‌, ಸೋಪಿನ ಪುಡಿ, ಸುಣ್ಣದ ನೀರು ಏನನ್ನೂ ಸೇರಿಸಬೇಡಿ. ಕ್ಷಾರ ತಗುಲಿದರೆ ಅಲ್ಯೂಮಿನಿಯಂ ಪುಡಿ ಬಿಸಿಯಾಗಿ ಜಲಜನಕ ಬಿಡುತ್ತದೆ. ಬರೀ ನೀರಿನಲ್ಲೂ ನಿಧಾನವಾಗಿ ಸ್ವಲ್ಪ ಅನಿಲ ಹುಟ್ಟಬಹುದು. ಆದ್ದರಿಂದ ಬಕೆಟ್ಟಿನ ಮುಚ್ಚಳವನ್ನು ಬಿಗಿಯಾಗಿ ಹಾಕಲೇಬೇಡಿ. ಮಕ್ಕಳು, ನಾಯಿ, ಬೆಕ್ಕು ಬಾಯಿ ಹಾಕದಂತೆ ಮೇಲೆ ಒಂದು ಹಳೆಯ ಬುಟ್ಟಿಯನ್ನು ಬೋರಲು ಹಾಕಿದರೆ ಗಾಳಿಯೂ ಆಡುತ್ತದೆ.

ಒಂದೊಂದು ಪಟಾಕಿಗೆ ಒಂದೊಂದು ಸ್ವಭಾವ. ಎಲ್ಲಕ್ಕೂ ಮೊದಲು ಹೊರಗಿನ ಪ್ಲಾಸ್ಟಿಕ್‌ ಹೊದಿಕೆ, ಪಾಲಿಥಿನ್‌ ಪೊಟ್ಟಣ ಕಳಚಿ. ಅದು ಇದ್ದರೆ ವಾರ ನೆನೆಸಿದರೂ ನೀರು ಒಳಗೆ ಹೋಗದು. ಆದರೆ ಕಳಚುವುದು ಹೊದಿಕೆಯನ್ನು ಮಾತ್ರ. ಕೊಳವೆ ಸೀಳುವುದು, ಸುತ್ತಿದ ದಾರ ಬಿಚ್ಚುವುದು, ಮದ್ದು ಹೊರಗೆ ಸುರಿಯುವುದು, ಬತ್ತಿ ಎಳೆಯುವುದು ಇಲ್ಲ. ಮದ್ದಿಗೆ ಉಜ್ಜಾಟವೇ ಬೆಂಕಿ.

ಸರ ಪಟಾಕಿ, ಬಿಜಲಿ, ಲಕ್ಷ್ಮಿ, ಕುದುರೆ ಪಟಾಕಿಗಳು ಬೇಗ ನೆನೆಯುತ್ತವೆ. ಸರವನ್ನು ಬಿಡಿಸದೆ ಇಡಿಯಾಗಿ ಇಳಿಸಿ, ಒಂದು ದಿನ ಪೂರ್ತಿ ಬಿಡಿ. ಸೆಣಬಿನ ದಾರ ಬಿಗಿಯಾಗಿ ಸುತ್ತಿದ ಆಟಂ ಬಾಂಬ್‌ ಹಾಗಲ್ಲ. ಇಳಿಸಿದ ಕೂಡಲೇ ತೇಲುತ್ತದೆ, ಬಹಳ ಹೊತ್ತಾದ ಮೇಲೂ ಅದರಿಂದ ಒಂದೊಂದೇ ಗುಳ್ಳೆ ಏಳುತ್ತಿರುತ್ತದೆ. ಆ ಗುಳ್ಳೆ ಒಳಗೆ ಇನ್ನೂ ಗಾಳಿ ಇದೆ, ನೀರು ಪೂರ್ತಿ ಹೊಕ್ಕಿಲ್ಲ ಎಂಬುದರ ಗುರುತು. ಮೇಲೆ ಒಂದು ತಟ್ಟೆ, ತಟ್ಟೆಯ ಮೇಲೆ ಕಲ್ಲು ಹೇರಿ ಎರಡು ದಿನ ಮುಳುಗಿಸಿಡಿ.

ಹೂಕುಂಡದ ತಳಕ್ಕೆ ಮಣ್ಣು ಗಟ್ಟಿಯಾಗಿ ತುಂಬಿರುತ್ತಾರೆ. ಅಲ್ಲಿಂದ ನೀರು ಹೋಗುವುದಿಲ್ಲ. ಮಲಗಿಸಿ ಇಡಿ, ಬಾಯಿಯ ಕಡೆಯಿಂದ ನೀರು ಸೇರಲಿ. ಇದಕ್ಕೂ ಎರಡು ದಿನ. ಭೂಚಕ್ರಕ್ಕೆ ಒಂದು ದಿನ ಸಾಕು, ಅಂಟು ಬಿಟ್ಟು ತಾನೇ ಸುರುಳಿ ಬಿಚ್ಚಿಕೊಳ್ಳುತ್ತದೆ. ರಾಕೆಟ್ಟಿನ ಕಡ್ಡಿ ಮುರಿಯಬೇಡಿ. ತಲೆ ಕೆಳಗೆ, ಕಡ್ಡಿ ಮೇಲೆ ಮಾಡಿ ಇಳಿಸಿ.

ಸುರುಸುರುಬತ್ತಿಯನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ಬಿಡಿಯಾಗಿ ಅದು ಮಕ್ಕಳ ಆಟ, ಕಟ್ಟು ಕಟ್ಟಿದರೆ ಅದೇ ಬಾಂಬ್‌. ಪೊಟ್ಟಣದಿಂದ ಬಿಡಿಸಿ, ಮದ್ದಿನ ತುದಿ ನೀರಿನಲ್ಲಿರುವಂತೆ ಹರಡಿ ನಿಲ್ಲಿಸಿ. ಮರುದಿನ ಬೂದುಬಣ್ಣದ ಲೇಪ ಮೆತ್ತಗಾಗಿ ತಂತಿಯಿಂದ ಕಳಚಿ ಬೀಳುತ್ತದೆ. ಮಕ್ಕಳ ಪಿಸ್ತೂಲಿನ ಕೇಪುಗಳು ನೋಡಲು ಚಿಕ್ಕವು, ಆದರೆ ಒತ್ತಿದರೆ ಸಿಡಿಯುವಂತೆಯೇ ಮಾಡಿದವು. ಡಬ್ಬಿ ಅಲ್ಲಾಡಿಸದೆ, ರೀಲು ಬಿಡಿಸದೆ ನೀರಿಗೆ ಹಾಕಿ.

ಇಪ್ಪತ್ತು, ಮೂವತ್ತು ಶಾಟ್ಸ್‌ ಇರುವ ಪೆಟ್ಟಿಗೆ ಉಳಿದರೆ ಅದಕ್ಕೆ ಬೇರೆಯದೇ ಬಕೆಟ್‌ ಇರಲಿ. ಅದರೊಳಗೆ ಒಂದೊಂದು ಕೊಳವೆಯೂ ಒಂದೊಂದು ತೋಪು. ಮೇಲೆ ಬಗ್ಗದೆ, ಪಕ್ಕದಲ್ಲಿ ನಿಂತು, ಬಾಯಿ ಮೇಲೆ ಮಾಡಿ ನಿಧಾನವಾಗಿ ಮುಳುಗಿಸಿ ಕಲ್ಲು ಹೇರಿ. ಮೂರು ದಿನ ಬಿಡಿ. ಅರ್ಧ ಹಾರಿ ನಿಂತುಹೋದ ಪೆಟ್ಟಿಗೆಯಾದರೂ ಇಷ್ಟೇ ಹೊತ್ತು.

ಎರಡನೆಯ ದಿನ ನೋಡಿದರೆ ಬಕೆಟ್ಟಿನ ನೀರು ಲಕ್ಷ್ಮಿ ಪಟಾಕಿಯ ಕಾಗದದ ಬಣ್ಣ ಬಿಟ್ಟು ಕೆಂಪಗಾಗಿರುತ್ತದೆ, ಅಡಿಯಲ್ಲಿ ಕಪ್ಪು ಕೆಸರು, ಮೇಲೆ ಬೆಳ್ಳಿಯ ಬಣ್ಣದ ತೆಳು ಪೊರೆ. ಆ ಬೆಳ್ಳಿ ಪೊರೆಯೇ ಅಲ್ಯೂಮಿನಿಯಂ. ಬಣ್ಣ ನೋಡಿ ಕೈ ಅದ್ದಬೇಡಿ. ಒಂದು ಕೋಲಿನಿಂದ ಮೆಲ್ಲಗೆ ಒತ್ತಿ ನೋಡಿ. ಕೊಳವೆ ನೆನೆದ ರೊಟ್ಟಿಯಂತೆ ಕುಸಿದರೆ ಆಯಿತು. ಗಟ್ಟಿಯಾಗಿ ಎದುರೊತ್ತಿದರೆ ಇನ್ನೊಂದು ದಿನ. ‘ಸತ್ತಿದೆಯೋ ಇಲ್ಲವೋ, ಒಂದನ್ನು ಹಚ್ಚಿ ನೋಡೋಣ’ ಎನ್ನುವ ಪರೀಕ್ಷೆ ಬೇಡವೇ ಬೇಡ.

ಚೀಲಕ್ಕೆ ಹಾಕಿ, ಬಾಯಿ ಬಿಟ್ಟು ಹೇಳಿ ಕೊಡಿ

ರಬ್ಬರ್‌ ಕೈಗವಸು ಹಾಕಿಕೊಂಡು, ನೆನೆದದ್ದನ್ನು ಜರಡಿಯಂಥ ಹಳೆಯ ಬುಟ್ಟಿಗೆ ಎತ್ತಿ. ಹಿಂಡಬೇಡಿ, ನೀರು ಇಳಿಯುವಷ್ಟು ಇಳಿಯಲಿ. ಒದ್ದೆ ಇರುವಾಗಲೇ ದಪ್ಪ ಕವರಿಗೆ ಹಾಕಿ, ಅದನ್ನು ಇನ್ನೊಂದು ಕವರಿನಲ್ಲಿಟ್ಟು ಸಡಿಲವಾಗಿ ಗಂಟು ಹಾಕಿ. ಎರಡು ಕವರು ತೇವ ಉಳಿಸುವುದಕ್ಕೆ, ಸಡಿಲ ಗಂಟು ಅನಿಲ ಹೊರಹೋಗುವುದಕ್ಕೆ. ನೀರು ಹೀರಲಿ ಎಂದು ಒಳಗೆ ಹಳೆಯ ಪೇಪರ್‌, ಮರದ ಹೊಟ್ಟು ತುಂಬಬೇಡಿ. ಪೆಟ್ಲುಪ್ಪಿನ ನೀರು ಹೀರಿ ಒಣಗಿದ ಕಾಗದ ತಾನೇ ಒಂದು ಬತ್ತಿಯಾಗುತ್ತದೆ. ಹೀರಲು ಏನಾದರೂ ಬೇಕೆಂದರೆ ಎರಡು ಹಿಡಿ ಮಣ್ಣೋ ಮರಳೋ ಹಾಕಿ.

ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ‘ನೆನೆಸಿದ ಪಟಾಕಿ, ಬಿಚ್ಚಬೇಡಿ’ ಎಂದು ಬರೆಯಿರಿ. ಬರೆದರೆ ಸಾಲದು. ಗಾಡಿ ಬಂದಾಗ ಗೇಟಿನ ಬಳಿ ಇಟ್ಟು ಒಳಗೆ ಹೋಗದೆ ಕೈಗೇ ಕೊಡಿ. “ಅಕ್ಕಾ, ಇದರಲ್ಲಿ ಉಳಿದ ಪಟಾಕಿ ಇದೆ, ಮೂರು ದಿನ ನೆನೆಸಿದ್ದೀವಿ. ಬಿಚ್ಚಬೇಡಿ, ಒಣಕಸಕ್ಕೆ ಸೇರಿಸಬೇಡಿ, ಬೆಂಕಿಗಂತೂ ಹಾಕಲೇಬೇಡಿ” ಎಂದು ಹೇಳಿ. ನಮ್ಮ ಬೀದಿಗೆ ಬರುವ ಅಕ್ಕ ಮೊದಲ ಸಲ ಇದನ್ನು ಕೇಳಿ, ಕವರನ್ನು ಗಾಡಿಯ ಮುಂದೆ, ಚಾಲಕನ ಕಾಲ ಬಳಿ ಬೇರೆಯಾಗಿಯೇ ಇಟ್ಟುಕೊಂಡರು. “ಹೇಳಿ ಕೊಟ್ರೆ ನಮಗೂ ಗೊತ್ತಾಗತ್ತೆ ಸಾರ್‌, ಯಾರೂ ಹೇಳಲ್ಲ” ಎಂದರು.

ಬೆಂಗಳೂರಿನಲ್ಲಿ ಹಸಿಕಸ, ಒಣಕಸ, ತಿರಸ್ಕೃತ ಕಸ ಎಂದು ಬೇರೆ ಮಾಡುವ ಮನೆಗಳಲ್ಲಿ ಈ ಚೀಲ ಹಸಿ–ಒಣ ಎರಡಕ್ಕೂ ಸೇರದು. ಬಲ್ಬು, ಬ್ಯಾಟರಿ, ಪೇಂಟ್‌ ಡಬ್ಬಿಯ ಹಾಗೆ ಮನೆಯ ಅಪಾಯಕಾರಿ ಕಸ ಅದು. ಒಣಕಸಕ್ಕೆ ಹಾಕಿದರೆ ಸಂಗ್ರಹ ಕೇಂದ್ರದಲ್ಲಿ ಒಬ್ಬ ಹೆಣ್ಣುಮಗಳು ಬರಿಗೈಯಲ್ಲಿ ಅದನ್ನು ಬಿಚ್ಚಿ ರಟ್ಟು, ಪ್ಲಾಸ್ಟಿಕ್‌ ಬೇರೆ ಮಾಡುತ್ತಾಳೆ. ನೆನೆಸದ ಪಟಾಕಿ ಕಸವನ್ನು ಅದುಮುವ ಲಾರಿಗೆ ಹೋದರೆ ಒತ್ತಡ, ಉಜ್ಜಾಟ ಎರಡೂ ಸಿಗುತ್ತವೆ. ಬೀದಿ ಮೂಲೆಯಲ್ಲಿ ಚಳಿ ಕಾಯಿಸಲು ಎಲೆ ರಾಶಿಗೆ ಕಡ್ಡಿ ಗೀರುವವರಿಗೆ ಒಳಗೇನಿದೆ ಎಂದು ತಿಳಿಯುವುದೇ ಇಲ್ಲ. ಗಾಡಿ ಬಾರದ ಊರಾದರೆ ಗ್ರಾಮ ಪಂಚಾಯಿತಿಯ ಕಸ ವಿಲೇವಾರಿ ಘಟಕಕ್ಕೆ ಅಂದೇ ತಲುಪಿಸಿ. ವಾರಗಟ್ಟಲೆ ಮೂಲೆಯಲ್ಲಿಟ್ಟು ಒಣಗಿಸಿದರೆ ನೆನೆಸಿದ್ದೆಲ್ಲ ವ್ಯರ್ಥ.

ಬಕೆಟ್ಟಿನಲ್ಲಿ ಉಳಿದ ನೀರು ಗಿಡಕ್ಕೆ ಹಾಕುವಂಥದ್ದಲ್ಲ. ಸುರುಸುರುಬತ್ತಿ, ಹಸಿರು ಬೆಳಕಿನ ಪಟಾಕಿಗಳಿಗೆ ಬಳಸುತ್ತ ಬಂದ ಬೇರಿಯಂ ಲವಣ ನೀರಿನಲ್ಲಿ ಕರಗುವ ವಿಷ. ಸುಪ್ರೀಂ ಕೋರ್ಟ್‌ ಅದನ್ನು ನಿಷೇಧಿಸಿದ್ದರೂ ಹಳೆಯ ಸರಕಿನಲ್ಲಿ ಇಲ್ಲ ಎನ್ನುವಂತಿಲ್ಲ. ಬಾವಿ, ಬೋರ್‌ವೆಲ್‌, ಕೆರೆ, ದನದ ತೊಟ್ಟಿ, ಕೆರೆಗೆ ಹರಿಯುವ ಮಳೆನೀರಿನ ಮೋರಿ, ತರಕಾರಿ ಪಾತಿ, ಇವುಗಳ ಹತ್ತಿರ ಚೆಲ್ಲಬೇಡಿ. ಪಟ್ಟಣದಲ್ಲಿ ಒಳಚರಂಡಿಗೆ ಸೇರಿದ ಶೌಚಾಲಯಕ್ಕೆ ಸ್ವಲ್ಪ ಸ್ವಲ್ಪವಾಗಿ ಸುರಿದು ಧಾರಾಳ ನೀರು ಹಾಕಿ. ಹಳ್ಳಿಯಲ್ಲಿ ನೀರಿನ ಸೆಲೆಯಿಂದ, ದನ ಮೇಯುವ ಜಾಗದಿಂದ ದೂರ, ಏನೂ ಬೆಳೆಯದ ನೆಲಕ್ಕೆ ಚೆಲ್ಲಿ ಮೇಲೆ ಮಣ್ಣು ಎಳೆಯಿರಿ. ಅಡಿಯ ಕೆಸರು ಮಾತ್ರ ಚೀಲಕ್ಕೇ ಹೋಗಲಿ.

ಇವನ್ನು ಮಾಡಲೇಬೇಡಿ

ಒಲೆಗೆ, ಹಂಡೆ ಉರಿಗೆ, ಕಸದ ಬೆಂಕಿಗೆ ಎಸೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಒಟ್ಟಿಗೆ ಹೊತ್ತಿಕೊಂಡ ಪಟಾಕಿ ಯಾವ ದಿಕ್ಕಿಗೂ ಹಾರಬಹುದು. ಹೂಳುವುದರಿಂದ ಅಪಾಯ ಮುಂದಕ್ಕೆ ಹೋಗುತ್ತದೆ ಅಷ್ಟೇ, ಗುದ್ದಲಿಗೋ ನೇಗಿಲಿಗೋ ಒಂದು ದಿನ ಸಿಗುತ್ತದೆ. ಗುಜರಿಯವರಿಗೆ ರಟ್ಟಿನ ಜೊತೆ ಕೊಡಬೇಡಿ.

‘ಹಚ್ಚದಿದ್ದರೆ ಏನೂ ಆಗಲ್ಲ ಬಿಡಿ’ ಎನ್ನುವ ಮಾತನ್ನು ನಾನು ಪ್ರತಿ ವರ್ಷ ಕೇಳುತ್ತೇನೆ. 2023ರ ಅಕ್ಟೋಬರ್‌ 7ರಂದು ಆನೇಕಲ್‌ ತಾಲ್ಲೂಕಿನ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಯಾರೂ ಪಟಾಕಿ ಹಚ್ಚುತ್ತಿರಲಿಲ್ಲ. ಲಾರಿಯಿಂದ ಪೆಟ್ಟಿಗೆ ಇಳಿಸುತ್ತಿದ್ದರು. ಹದಿನಾಲ್ಕಕ್ಕೂ ಹೆಚ್ಚು ಜನ ಸುಟ್ಟುಹೋದರು, ಹಬ್ಬದ ಸಮಯದಲ್ಲಿ ನಾಲ್ಕು ಕಾಸು ಸಂಪಾದಿಸಲು ಬಂದಿದ್ದ ಎಳೆಯ ಹುಡುಗರೂ ಅದರಲ್ಲಿದ್ದರು. ಮರುವರ್ಷ, 2024ರ ಅಕ್ಟೋಬರ್‌ ಕೊನೆಯಲ್ಲಿ, ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೇವಸ್ಥಾನದಲ್ಲಿ ತೆಯ್ಯಂ ನೋಡಲು ಸೇರಿದ್ದ 150ಕ್ಕೂ ಹೆಚ್ಚು ಮಂದಿ ಗಾಯಗೊಂಡದ್ದು ಸಂಗ್ರಹಿಸಿಟ್ಟಿದ್ದ ಪಟಾಕಿಗೆ ಕಿಡಿ ತಗುಲಿ. ನಮ್ಮ ಅಟ್ಟದ ಪೆಟ್ಟಿಗೆ ಚಿಕ್ಕದು, ಒಳಗಿನ ಮದ್ದು ಅದೇ.

ಊರಲ್ಲಿರುವ ಅಕ್ಕನ ಮಕ್ಕಳಿಗಾಗುತ್ತೆ ಎಂದು ಉಳಿದದ್ದನ್ನು ಬ್ಯಾಗಿಗೆ ತುರುಕಿ ರೈಲು, ಬಸ್ಸು ಹತ್ತುವವರಿದ್ದಾರೆ. ಪ್ರೀತಿಯಿಂದ ಒಯ್ಯುವುದೇ ಇರಬಹುದು, ಆದರೆ ನೂರಾರು ಜನ ಕೂತ ಬೋಗಿಯಲ್ಲಿ ಅದು ಮದ್ದಿನ ಮೂಟೆ. 1989ರ ರೈಲ್ವೆ ಕಾಯ್ದೆಯ 164ನೇ ಸೆಕ್ಷನ್‌ ಪ್ರಕಾರ ಇದಕ್ಕೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ಹಾಳಾಗದ ಪೊಟ್ಟಣವಿದ್ದರೆ ಪಕ್ಕದ ಮನೆಯವರಿಗೆ, ದೊಡ್ಡವರ ಕೈಗೇ, ಹೇಳಿ ಕೊಡಿ.

ಏನಾದರೂ ಆಗಿಹೋದರೆ

ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಐಸ್‌ ಬೇಡ. ಟೂತ್‌ಪೇಸ್ಟ್‌, ಇಂಕು, ಅರಿಶಿನ, ಕಾಫಿಪುಡಿ ಯಾವುದೂ ಬೇಡ. ಉಂಗುರ, ಬಳೆ ಊತ ಬರುವ ಮೊದಲೇ ತೆಗೆದುಬಿಡಿ. ಬಟ್ಟೆ ಚರ್ಮಕ್ಕೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಕಣ್ಣಿಗೆ ಮದ್ದಿನ ಪುಡಿ ಬಿದ್ದಿದ್ದರೆ ಶುದ್ಧ ನೀರಿನಿಂದ ತೊಳೆಯಿರಿ. ಏನಾದರೂ ಚುಚ್ಚಿಕೊಂಡಿದ್ದರೆ, ರಕ್ತ ಬರುತ್ತಿದ್ದರೆ ತೊಳೆಯಬಾರದು, ಉಜ್ಜಬಾರದು, ಒತ್ತಬಾರದು. ಒಂದು ಕಾಗದದ ಲೋಟವನ್ನು ಕಣ್ಣಿನ ಮೇಲೆ ಬೋರಲಾಗಿಟ್ಟು, ಒತ್ತಡ ಬೀಳದಂತೆ ಪಟ್ಟಿ ಅಂಟಿಸಿ ನೇರ ಕಣ್ಣಾಸ್ಪತ್ರೆಗೆ ಹೊರಡಿ. ಆಂಬುಲೆನ್ಸ್‌ಗೆ 108, ಬೆಂಕಿ ಹೊತ್ತಿದರೆ 101 ಅಥವಾ 112.

ಕೊನೆಯದಾಗಿ ಒಂದು ಸುತ್ತು

ಖಾಲಿ ಪೆಟ್ಟಿಗೆಯನ್ನು ಒಣಕಸಕ್ಕೆ ಹಾಕುವ ಮುನ್ನ ಮೂಲೆಯಲ್ಲಿ ಉದುರಿದ ಮದ್ದನ್ನು ನೋಡಿ. ಇದ್ದರೆ ಆ ಪೆಟ್ಟಿಗೆಯೂ ಬಕೆಟ್ಟಿಗೆ. ಕಪಾಟಿನಲ್ಲಿ, ನೆಲದ ಮೇಲೆ ಪುಡಿ ಬಿದ್ದಿದ್ದರೆ ಪೊರಕೆ ಆಡಿಸಬೇಡಿ, ವ್ಯಾಕ್ಯೂಮ್‌ ಕ್ಲೀನರ್‌ ಅಂತೂ ಬೇಡ, ಅದರ ಮೋಟರಿನಲ್ಲೇ ಕಿಡಿ ಇದೆ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಚೀಲಕ್ಕೆ ಹಾಕಿ. ನೆನೆಸಿದ ಬಕೆಟ್‌ ಇನ್ನು ಸ್ನಾನಕ್ಕೆ, ದನಕ್ಕೆ ನೀರಿಡಲು ಬೇಡ. ಮುಂದಿನ ದೀಪಾವಳಿಗೆ ಮರಳು ತುಂಬಿಡಲು ಆಗುತ್ತದೆ.

ಮಕ್ಕಳ ಹಬ್ಬದ ಚಡ್ಡಿ, ಜೇಬುಗಳನ್ನು ವಾಷಿಂಗ್‌ ಮಷೀನಿಗೆ ಹಾಕುವ ಮೊದಲು ಮಗುಚಿ ನೋಡಿ. ಹೋದ ವರ್ಷ ನಮ್ಮ ಮಗನ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ನಾಲ್ಕು ಬಿಜಲಿ ಪಟಾಕಿ, ಅರ್ಧ ರೀಲು ಕೇಪು, ಒಂದು ಬೆಂಕಿಪೊಟ್ಟಣ, ಮೂರೂ ಒಟ್ಟಿಗೇ ಇದ್ದವು.